ಅಳಿಯಂದಿರ ಎದುರು ಕುರ್ಚಿ

ಸೊಂಟದ ಮೂಳೆ ಮುರಿದ ಮುದುಕ ಮುದುಕಿಯರನ್ನು ಮತ್ತೆ ನಡೆಸುವುದು ಹಾಸನದ ಫಿಜಿಯೋಥೆರಪಿ ಡಾಕ್ಟರು ಯಶಸ್ವಿನಿಯ ಕೆಲಸ. ಯಾರು ನಡೆದರು, ಯಾರು ನಡೆಯಲಿಲ್ಲ, ಯಾಕೆ ಎಂದು ಹನ್ನೆರಡು ವರ್ಷದಿಂದ ಬರೆದಿಡುತ್ತಿರುವುದು ಅವರ ಹುಚ್ಚು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸುಗಳಲ್ಲಿ ಅವರಿಗಿಂತ ಅವರ ಮಡಿಸುವ ಕುರ್ಚಿಯೇ ಹೆಚ್ಚು ಪರಿಚಿತ. ಅದಕ್ಕೂ ಒಂದು ಟಿಕೆಟ್ ಹರಿಯಲೇ ಎಂದು ಕಂಡಕ್ಟರುಗಳು ರೇಗಿಸುವುದುಂಟು.

ರೋಗಿಗಳ ಮನೆಗೇ ಹೋಗಿ ಮಾಡುವ ಪರೀಕ್ಷೆ ಸರಳ. ಕುರ್ಚಿಯಲ್ಲಿ ಕೂತು, ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು; ಎಷ್ಟು ಸೆಕೆಂಡು ಹಿಡಿಯಿತೆಂದು ಸ್ಟಾಪ್‌ವಾಚ್ ಹೇಳುತ್ತದೆ. ಗಂಡಸರು ಸಲೀಸಾಗಿ ಮಾಡಿದರು. ಹೆಂಗಸರಲ್ಲಿ ಮೂವತ್ತೊಂದು ಮಂದಿ ಮಾತ್ರ "ಬ್ಯಾಡ ಕಣವ್ವ, ನನ್ ಕೈಲಾಗಕಿಲ್ಲ" ಎಂದು ಹಿಂದೆ ಸರಿದರು. ಯಶಸ್ವಿನಿ ಅವರ ಹೆಸರಿನ ಮುಂದೆ 'ಆಗದು' ಎಂದು ಬರೆದುಕೊಂಡರು. ಹೆಂಗಸರು ಗಂಡಸರಷ್ಟು ಚೇತರಿಸಿಕೊಳ್ಳುವುದಿಲ್ಲ ಎಂಬ ಅವರ ಲೇಖನವನ್ನು ದೊಡ್ಡ ವೈದ್ಯಕೀಯ ಪತ್ರಿಕೆಯೊಂದು ಒಪ್ಪಿಕೊಂಡಿತು.

ಅದಾದ ಮೇಲೊಂದು ದಿನ ರುದ್ರಪಟ್ಟಣದ ಕಡೆ ಹೋಗಿದ್ದವರು ಬೆಟ್ಟಮ್ಮನ ಮನೆಗೆ ಹೊಕ್ಕರು. ಆ ಮೂವತ್ತೊಂದರಲ್ಲಿ ಬೆಟ್ಟಮ್ಮನೂ ಒಬ್ಬಳು. ಎಪ್ಪತ್ನಾಲ್ಕು ವರ್ಷ, ಆಪರೇಷನ್ ಆದಾಗಿನಿಂದ ಮಗಳ ಮನೆಯಲ್ಲಿದ್ದಳು. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಮೊರ ಹಿಡಿದೇ ಎದ್ದು ಬಂದಳು. ಯಶಸ್ವಿನಿ ಬಾಯಿ ಬಿಟ್ಟು ನೋಡಿದರು.

"ಅಜ್ಜಿ, ಅವತ್ತು ಕುರ್ಚಿಯಿಂದ ಏಳೋಕೆ ಆಗಲ್ಲ ಅಂದ್ರಲ್ಲ?"

"ಏಳಕ್ಕೆ ಮೊದ್ಲು ಕೂರಬೇಕಲ್ಲವ್ವ? ಅಳಿಯಂದ್ರು ನಿಂತಿದ್ರು. ಅವರ ಮುಂದೆ ಕುರ್ಚಿ ಮ್ಯಾಲೆ ಎಂಗೆ ಕೂರಾದು?"

ಯಶಸ್ವಿನಿಗೆ ನಗು ಬಂತು, ಹಿಂದೆಯೇ ನಾಚಿಕೆ ಬಂತು. ಅವರ ಅಜ್ಜಿ ರೇವಮ್ಮನೂ ಅಳಿಯ ಬಂದರೆ ಎದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದವರೇ. ಮನೆಯಲ್ಲಿ ಹುಟ್ಟಿನಿಂದ ಕಂಡದ್ದು ಸ್ಟಾಪ್‌ವಾಚ್ ಕೈಗೆ ಬಂದ ಕೂಡಲೇ ಮರೆತುಹೋಗಿತ್ತು. ಓದು ಒಮ್ಮೊಮ್ಮೆ ಹೀಗೂ ಕಣ್ಣು ಕಟ್ಟುತ್ತದೆ.

ಲೇಖನ ಹಿಂದಕ್ಕೆ ಪಡೆಯುತ್ತೇನೆ ಎಂದಾಗ ಅವರಿಗೆ ಮಾರ್ಗದರ್ಶನ ಮಾಡುತ್ತಿದ್ದ ಹಿರಿಯ ವೈದ್ಯ ಷಡಕ್ಷರಿ ಕನ್ನಡಕ ತೆಗೆದಿಟ್ಟರು.

"ಯೋಚನೆ ಮಾಡಮ್ಮ. ಹನ್ನೆರಡು ವರ್ಷದ ಹೆಸರು ಹೋಗುತ್ತೆ."

"ಇದು ಅಚ್ಚಾದ್ರೆ ಡಾಕ್ಟ್ರುಗಳೇ ಅಜ್ಜೀರಿಗೆ 'ನೀವು ಏಳಲ್ಲ, ಮಲ್ಕೊಳಿ' ಅಂತಾರೆ ಸಾರ್. ಹೆಸರು ನಂದು, ಸೊಂಟ ಅವರದು."

ಯಶಸ್ವಿನಿ ಮೂವತ್ತೊಂದು ಮನೆಗಳಿಗೂ ಮತ್ತೆ ಕುರ್ಚಿ ಹೊತ್ತರು. ಹೆಚ್ಚಿನವರು ಬೆಟ್ಟಮ್ಮನಂತೆಯೇ ಮಗಳ ಮನೆ ಸೇರಿದವರು. ಈ ಸಲ ಮೊದಲು ಅಳಿಯಂದಿರನ್ನು ಉಪಾಯವಾಗಿ ತೋಟದ ಕಡೆ ಸಾಗಹಾಕಿದರು. ಇಪ್ಪತ್ತಾರು ಅಜ್ಜಿಯರು ಎದ್ದು ನಡೆದರು. ಷಡಕ್ಷರಿಗೆ ಮಾತ್ರ ನಂಬಿಕೆ ಬರಲಿಲ್ಲ. ಬರೀ ನಾಚಿಕೆಗೆ ಇಷ್ಟೊಂದು ಜನ 'ಆಗದು' ಎನ್ನುತ್ತಾರೆಯೇ ಎಂಬುದು ಅವರ ವಾದ.

ಹಾಸನದಲ್ಲಿ ವೈದ್ಯರ ಸಭೆ ನಡೆದ ದಿನ ಯಶಸ್ವಿನಿ ಸ್ಟಾಪ್‌ವಾಚನ್ನು ಷಡಕ್ಷರಿಯ ಕೈಗೇ ಕೊಟ್ಟರು. ಅಳಿಯ ರುದ್ರೇಶ ಬೆಟ್ಟಮ್ಮನನ್ನು ಕರೆತಂದಿದ್ದ. ಅಷ್ಟು ಜನರ ಮುಂದೆ ಕುರ್ಚಿ ಇಟ್ಟರೂ ಅವಳು ಅದರ ಪಕ್ಕದಲ್ಲೇ ನಿಂತಳು. ಒಂದಿಬ್ಬರು ಆಗಲೇ ಇವಳ ಕೈಲಾಗದು ಎಂಬಂತೆ ತಲೆಯಾಡಿಸಿದರು.

"ರುದ್ರೇಶಣ್ಣ, ಆಚೆ ಒಂದು ಕಾಫಿ ಕುಡ್ಕೊಂಡ್ ಬನ್ನಿ," ಎಂದರು ಯಶಸ್ವಿನಿ.

ಬಾಗಿಲು ಮುಚ್ಚಿತು. ಬೆಟ್ಟಮ್ಮ ಕೂತಳು, ಎದ್ದಳು, ನಡೆದಳು, ಬಂದು ಕೂತಳು. ಹದಿನಾಲ್ಕು ಸೆಕೆಂಡು. ಷಡಕ್ಷರಿ ವಾಚನ್ನು ಎರಡು ಸಲ ನೋಡಿದರು. ಬೆಟ್ಟಮ್ಮ ಕುರ್ಚಿಗೆ ಆರಾಮಾಗಿ ಒರಗಿ ಸಭೆಯನ್ನೆಲ್ಲ ನೋಡುತ್ತಿದ್ದಳು.

ಅಷ್ಟರಲ್ಲಿ ಕಾಫಿ ಮುಗಿಸಿ ರುದ್ರೇಶ ಬಾಗಿಲು ತಳ್ಳಿದ. ಅದು ಅರ್ಧ ತೆರೆಯುವುದರೊಳಗೆ ಬೆಟ್ಟಮ್ಮ ಸೆರಗು ತಲೆಗೆಳೆದುಕೊಂಡು ಎದ್ದು ನಿಂತಾಗಿತ್ತು. ಷಡಕ್ಷರಿಯ ಬೆರಳು ತಾನಾಗಿ ವಾಚನ್ನು ಒತ್ತಿತ್ತು.

"ಎರಡು ಸೆಕೆಂಡೂ ಆಗಲಿಲ್ಲ," ಎಂದರು ಅವರು. "ಬರ್ಕೊಳಮ್ಮ."