ಮೋರಿತಾ-ಸಾನ್ ಅವರ ತೋರುಬೆರಳು

ಬಾಗಿಲಿಗೆ ಬೀಗ ಹಾಕಿದರೂ ಮೋರಿತಾ-ಸಾನ್ ಅದರತ್ತ ಬೆರಳು ಚಾಚಿ, "ಬೀಗ, ಯೋಶಿ!" ಎಂದು ಕೂಗುತ್ತಿದ್ದರು. ಯೋಶಿ ಎಂದರೆ ಸರಿಯಿದೆ ಎಂದು. ಅವರ ತಂದೆ ರೈಲು ಓಡಿಸುತ್ತಿದ್ದವರು. ಸಿಗ್ನಲ್ಲಿಗೆಲ್ಲ ಬೆರಳು ತೋರಿಸಿ ಕೂಗುವುದು ಅಲ್ಲಿನ ರೈಲಿನವರ ರೂಢಿ. ಕಣ್ಣು ಮೋಸ ಹೋದರೂ ಬೆರಳು, ಬಾಯಿ ಜೊತೆಗಿದ್ದರೆ ತಪ್ಪು ಸಿಕ್ಕಿಬೀಳುತ್ತದಂತೆ.

ಸಿಡಿದ ನಕ್ಷತ್ರಗಳಿಂದ, ಕಪ್ಪುಕುಳಿಗಳ ಸುತ್ತಿನಿಂದ ಹೊಮ್ಮುವ ಎಕ್ಸ್‌ರೇ ಭೂಮಿಯ ಗಾಳಿ ದಾಟಿ ಕೆಳಗಿಳಿಯುವುದಿಲ್ಲ. ಅದನ್ನು ಹಿಡಿಯಲು ಬಾಹ್ಯಾಕಾಶಕ್ಕೆ ಹಾರಿಸಿದ್ದ ದೂರದರ್ಶಕಕ್ಕೆ ನಗೋಯಾ ಬಳಿಯ, ಮೋರಿತಾ-ಸಾನ್ ಹಿರಿಯರಾಗಿದ್ದ ನಮ್ಮ ಕೋಣೆಯಿಂದ ಆದೇಶ ಹೋಗುತ್ತಿತ್ತು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ತಾರೀಕು ತಪ್ಪುತ್ತವೆಂಬ ವೈಟೂಕೆ ಗಡಿಬಿಡಿಯಲ್ಲಿ ತಾರೀಕಿನ ಪ್ರೋಗ್ರಾಂ ತಿದ್ದಲು ನಾನೂ ಗೆಳೆಯ ಗಿರೀಶನೂ ಹೋಗಿದ್ದೆವು.

"ಲೋ, ನಿನ್ ಗುರುಗಳು ಕಾಫಿ ಮಶೀನ್‌ಗೂ ಯೋಶಿ ಅಂದ್ರು ಕಣೋ!" ಎಂದು ಗಿರೀಶ ನಗುತ್ತಿದ್ದ. ಬೆರಳು ತೋರಿಸಲು ನನಗೂ ನಾಚಿಕೆ. ತಿದ್ದಿದ ತಾರೀಕುಗಳನ್ನು ಒಂದೊಂದಾಗಿ ಕೂಗಿ ನೋಡಬೇಕಿತ್ತು. ನಾನು ಸುಮ್ಮನೆ ಕಣ್ಣಾಡಿಸಿ ಸಹಿ ಹಾಕಿಬಿಟ್ಟೆ.

ಜನವರಿ ಒಂದು ಸದ್ದಿಲ್ಲದೆ ಕಳೆಯಿತು. ಕುತ್ತು ಬಂದದ್ದು ಫೆಬ್ರವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ. ದೂರದರ್ಶಕ ನಮ್ಮ ನೆತ್ತಿಯ ಮೇಲೆ ಹಾದುಹೋಗುವ ಹತ್ತು ನಿಮಿಷದಲ್ಲೇ ಆದೇಶ ಕಳಿಸಬೇಕು. ಮುಂದೆ ಅದು ವಿಕಿರಣ ತುಂಬಿದ ವಲಯ ಹೊಗುವ ಮುನ್ನ ಅದರ ಕ್ಯಾಮೆರಾದ ವಿದ್ಯುತ್ ಆರದಿದ್ದರೆ ಕ್ಯಾಮೆರಾ ಸುಟ್ಟಂತೆಯೇ. ನಾನಾಗಲೇ ಗುಂಡಿಯ ಮೇಲೆ ಕೈಯಿಟ್ಟಿದ್ದೆ.

ಮೋರಿತಾ-ಸಾನ್ ತೆರೆಯತ್ತ ಬೆರಳು ಚಾಚಿದರು. "ತಾರೀಕು, ಮಾರ್ಚ್ ಒಂದು..."

ಯೋಶಿ ಬರಲಿಲ್ಲ. ಬೆರಳು ಅಲ್ಲೇ ನಿಂತಿತು.

ನಾನು ಗುಂಡಿಯಿಂದ ಕೈ ತೆಗೆದೆ. ಎರಡು ಸಾವಿರ ಅಧಿಕ ವರ್ಷವೆಂದು ನನ್ನ ಪ್ರೋಗ್ರಾಂಗೆ ಗೊತ್ತೇ ಇರಲಿಲ್ಲ. ಆ ಆದೇಶ ಹೋಗಿದ್ದರೆ ವಿದ್ಯುತ್ ಆರುವುದು ನಾಳೆ!

"ಇನ್ನು ಆರೇ ಮಿನಿಟ್ಸ್ ಇದೆ ಕಣೋ, ಕೈಯಲ್ಲೇ ಟೈಪ್ ಮಾಡು!" ಎಂದು ಗಿರೀಶ ಕಿರುಚಿದ. ಟೈಪ್ ಮಾಡಿದೆ. ಮೋರಿತಾ-ಸಾನ್ ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ, "ಈಗ ನೀವು ತೋರಿಸಿ. ನೀವು ಕೂಗಿ" ಎಂದರು. ತಾರೀಕು, ಯೋಶಿ. ಗಂಟೆ, ಯೋಶಿ. ನಿಮಿಷ, ಯೋಶಿ. ಗುಂಡಿ ಒತ್ತಿದೆ. ದೂರದರ್ಶಕ ಮರೆಯಾಗುವ ಕೆಲವೇ ಕ್ಷಣಗಳ ಮುಂಚೆ, ಆದೇಶ ತಲುಪಿತೆಂಬ ಉತ್ತರ ಬಂತು.

"ಸುಮಿಮಾಸೆನ್, ಕ್ಷಮಿಸಿ, ಅವತ್ತು ನಾನು ಕೂಗಿರಲಿಲ್ಲ" ಎಂದೆ ತಲೆ ತಗ್ಗಿಸಿ.

"ಗೊತ್ತು. ಕೂಗಿದ್ದರೆ ನನಗೆ ಕೇಳಿಸುತ್ತಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾನು ಹೊರಟ ದಿನ ನಗೋಯಾ ಸ್ಟೇಷನ್ನಿನಲ್ಲಿ ನನ್ನ ಟಿಕೆಟ್ಟಿಗೆ, ಪಾಸ್‌ಪೋರ್ಟಿಗೆ, ಕೊನೆಗೆ ನನಗೇ ಬೆರಳು ತೋರಿಸಿ ಯೋಶಿ ಎಂದರು. ಜನ ನೋಡುತ್ತಿದ್ದರು, ನನಗೆ ನಾಚಿಕೆಯಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರ ಮಗಳ ಕಾಗದ ಬಂತು. ಅವರ ಹೆಸರಿಗೆ, ತೀರಿಕೊಂಡ ತಾರೀಕಿಗೆ ಬೆರಳಿಟ್ಟು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಯೋಶಿ ಅನ್ನಲು ಬಾಯಿ ಬರಲಿಲ್ಲ.