ಗೆರೆಯ ಒಳಗೆ ಎರಡು ಕಾಲು

ಜನವರಿಯ ಒಂದು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ನ್ಯೂಜೆರ್ಸಿಯ ವುಡ್‌ಬ್ರಿಡ್ಜಿನಿಂದ ಹೊರಟೆವು. ಕಾರಿನಲ್ಲಿದ್ದವರು ಮೂವರು: ನನ್ನ ತಂಗಿ ವಾಸಂತಿಯ ಗಂಡ ಪ್ರಕಾಶ್, ಅವರ ಎದುರು ಮನೆಯ ವಿನ್ಸೆಂಟ್ ಮತ್ತು ನಾನು. ಹೋಗುತ್ತಿದ್ದುದು ಈಸ್ಟ್ ರುದರ್‌ಫರ್ಡಿನ ಸ್ಟೇಡಿಯಮ್ಮಿಗೆ, ಫುಟ್ಬಾಲ್ ನೋಡಲು. ಅಮೆರಿಕದವರು ಫುಟ್ಬಾಲ್ ಎನ್ನುವುದು ನಮ್ಮ ಫುಟ್ಬಾಲನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಒಬ್ಬರ ಮೇಲೊಬ್ಬರು ಬೀಳುವ ಆಟ ಅದು.

ನಾನು ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವವಳು. ವಾಸಂತಿಯ ಬಾಣಂತನಕ್ಕೆಂದು ರಜೆ ಹಾಕಿ ಬಂದಿದ್ದೆ. ಮಗುವಿಗೆ ಎರಡು ತಿಂಗಳು ತುಂಬಿತ್ತು, ನಾನು ಊರಿಗೆ ಮರಳಲು ಒಂದು ವಾರ ಉಳಿದಿತ್ತು. ಅಲ್ಲಿಯವರೆಗೆ ನಾನು ಕಂಡ ಅಮೆರಿಕ ಎಂದರೆ ಮಗುವಿನ ಸ್ನಾನದ ಟಬ್ಬು, ಬಟ್ಟೆ ಒಣಗಿಸುವ ಮಷೀನು, ಕಿಟಕಿಯಾಚೆಯ ಹಿಮ, ಒಂದೆರಡು ಸಲ ಬ್ರಿಡ್ಜ್‌ವಾಟರಿನ ದೇವಸ್ಥಾನ.

ಹಿಂದಿನ ರಾತ್ರಿ ಊಟದ ಹೊತ್ತಿಗೆ ಪ್ರಕಾಶ್ ಈ ಮಾತು ತೆಗೆದಿದ್ದರು.

"ಅಕ್ಕ, ನಾಳೆ ನೀವು ನಮ್ಮ ಜೊತೆ ಗೇಮಿಗೆ ಬರ್ಲೇಬೇಕು. ಪ್ಲೇಆಫ್. ಸೋತ್ರೆ ಈ ವರ್ಷದ ಕತೆ ಮುಗೀತು, ಗೆದ್ರೆ ಮುಂದಿನ ಭಾನುವಾರ ಇಲ್ಲೇ ಇನ್ನೊಂದು ಮ್ಯಾಚು. ವಿನ್ಸೆಂಟ್ ಹತ್ರ ಒಂದು ಸೀಟ್ ಖಾಲಿ ಇದೆ."

"ನಂಗೆ ಆ ಆಟದ ತಲೆಬುಡ ಗೊತ್ತಿಲ್ಲ ಪ್ರಕಾಶ್. ಯಾರಾದ್ರೂ ಗೊತ್ತಿರೋರಿಗೆ ಕೊಡಿ."

ಪ್ರಕಾಶ್ ವಾಸಂತಿಯ ಮುಖ ನೋಡಿದರು. ವಾಸಂತಿ ಹೇಳಿದಳು: "ಅದು ಅವರ ಹೆಂಡತಿ ಕ್ಯಾರಲ್ ಸೀಟು ಅಕ್ಕ. ಆಯಮ್ಮ ಸೆಪ್ಟೆಂಬರ್‌ನಲ್ಲಿ ಹೋಗ್ಬಿಟ್ರು. ಈ ಸೀಸನ್ ಪೂರ್ತಿ ವಿನ್ಸೆಂಟ್ ಆ ಸೀಟು ಯಾರಿಗೂ ಕೊಟ್ಟಿಲ್ಲ, ಖಾಲಿ ಬಿಟ್ಕೊಂಡೇ ಕೂತಿದ್ರು. ನಾಳೆ ಮಾತ್ರ ಖಾಲಿ ಇರೋದು ಬೇಡ ಅಂತ ಅವರೇ ಬಂದು ನಿನ್ನ ಹೆಸರು ಹೇಳಿದ್ರು. ಹೋಗ್ಬಾ."

ಇಷ್ಟು ಕೇಳಿದ ಮೇಲೆ ಬೇಡ ಎನ್ನುವುದು ಹೇಗೆ?

ವಿನ್ಸೆಂಟ್ ರೈಲು ರಿಪೇರಿ ಯಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಎತ್ತರದ ಆಳು, ದೊಡ್ಡ ಕೈಗಳು, ಮೆಲು ದನಿ. ನಾನು ಮೇಷ್ಟ್ರು ಕೆಲಸದವಳೆಂದು ತಿಳಿದಂದಿನಿಂದ ನನ್ನನ್ನು 'ಟೀಚರ್' ಎಂದೇ ಕರೆಯುತ್ತಿದ್ದರು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸ್ಟೇಡಿಯಮ್ಮಿಗೆ ಸುಮಾರು ಇಪ್ಪತ್ತೈದು ಮೈಲಿ. ಟರ್ನ್‌ಪೈಕ್ ಹೆದ್ದಾರಿ ಹತ್ತುವ ಕಡೆ ಚೀಟಿ ಕೊಡುತ್ತಾರೆ, ಇಳಿಯುವ ಕಡೆ ಅದನ್ನು ತೋರಿಸಿ ಟೋಲ್ ಕಟ್ಟಬೇಕು. ಲಿಂಡನ್ ಬರುತ್ತಿದ್ದಂತೆ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು, ಮುಚ್ಚಿದ ಗಾಜಿನೊಳಗೂ ನುಗ್ಗುವ ವಾಸನೆ. ಆಮೇಲೆ ನೆವಾರ್ಕಿನ ವಿಮಾನ ನಿಲ್ದಾಣ. ಅದನ್ನು ದಾಟಿದರೆ ಜೌಗು ಬಯಲು, ಒಣಗಿ ಕಂದು ಬಣ್ಣಕ್ಕೆ ತಿರುಗಿದ ಆಳೆತ್ತರದ ಹುಲ್ಲು, ಹೆಪ್ಪುಗಟ್ಟಿದ ನೀರು, ಅದರಾಚೆ ಮಬ್ಬಿನಲ್ಲಿ ಮ್ಯಾನ್‌ಹ್ಯಾಟನ್ನಿನ ಕಟ್ಟಡಗಳು. ತಂಡ ಆಡುವುದು ನ್ಯೂಜೆರ್ಸಿಯ ಈ ಜೌಗಿನಲ್ಲಿ, ಹೆಸರು ಮಾತ್ರ ನ್ಯೂಯಾರ್ಕಿನದು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ವಿನ್ಸೆಂಟ್ ನಕ್ಕರು. "ಟೀಚರ್, ನಮ್ಮ ದುಃಖಗಳು ಅಲ್ಲಿಂದಲೇ ಶುರುವಾಗುತ್ತವೆ" ಎಂದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಾರ್ಕಿಂಗ್ ಬಯಲಿನಲ್ಲಿ ಆಗಲೇ ಜಾತ್ರೆ ನೆರೆದಂತೆ ಜನ. ಕಾರಿನ ಡಿಕ್ಕಿ ತೆರೆದಿಟ್ಟು, ಇದ್ದಿಲ ಒಲೆ ಹಚ್ಚಿ, ಮಾಂಸ, ದಪ್ಪ ಮೆಣಸಿನಕಾಯಿ ಸುಡುತ್ತಿದ್ದರು. ನಾವು ವಾಸಂತಿ ಕಟ್ಟಿಕೊಟ್ಟಿದ್ದ ಪುಳಿಯೋಗರೆಯ ಡಬ್ಬಿ ಬಿಚ್ಚಿದೆವು. ವಿನ್ಸೆಂಟ್ ಎರಡು ಸಲ ಹಾಕಿಸಿಕೊಂಡು ತಿಂದರು, ಕಡಲೆಬೀಜ ಮಾತ್ರ ಆರಿಸಿ ಕೊನೆಗೆ ಇಟ್ಟುಕೊಂಡರು. ಗಾಳಿ ಜೌಗಿನ ಕಡೆಯಿಂದ ಬೀಸುತ್ತಿತ್ತು. ಸೀರೆಯ ಒಳಗೆ ಪ್ರಕಾಶರ ಉಣ್ಣೆಯ ಪ್ಯಾಂಟು, ಎರಡು ಜೊತೆ ಕಾಲುಚೀಲ, ವಾಸಂತಿಯ ಬೂಟು, ದಪ್ಪ ಕೋಟು ಹಾಕಿಕೊಂಡಿದ್ದರೂ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

"ಇವತ್ತು ಗೆದ್ದರೆ ಇನ್ನೊಂದು ಭಾನುವಾರ ಸಿಗುತ್ತದೆ" ಎಂದರು ವಿನ್ಸೆಂಟ್, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು. "ವಾರದ ಉಳಿದ ದಿನಗಳನ್ನು ಹೇಗೋ ತಳ್ಳುತ್ತೇನೆ. ಭಾನುವಾರ ಕಷ್ಟ. ಸೋತರೆ ಮುಂದಿನ ಸೆಪ್ಟೆಂಬರ್‌ವರೆಗೆ ಭಾನುವಾರಗಳಲ್ಲಿ ನಾನೇನು ಮಾಡಲಿ?"

ನಮ್ಮ ಸೀಟುಗಳು ಮೈದಾನದ ಒಂದು ಮೂಲೆಯಲ್ಲಿ, ಕೆಳಗಿನ ಸಾಲಿನಲ್ಲಿದ್ದವು. ಕೂರುವ ಮೊದಲು ವಿನ್ಸೆಂಟ್ ಕ್ಯಾರಲ್‌ರ ಸೀಟನ್ನು ಕೈಗವಸಿನಿಂದ ಒರೆಸಿದರು. ಹಿಂದಿನ ಸಾಲಿನ ಹೆಂಗಸೊಬ್ಬರು ನಾನು ಅಲ್ಲಿ ಕೂತಿದ್ದನ್ನು ಕಂಡು ಮಾತು ನಿಲ್ಲಿಸಿದರು, ಆಮೇಲೆ ನನ್ನ ಭುಜ ತಟ್ಟಿ ಅರ್ಧ ಕಂಬಳಿಯನ್ನು ನನ್ನ ಬೆನ್ನಿಗೆ ಹೊದಿಸಿದರು. ಅವರ ಗಂಡ ಕಿವಿಗೆ ಪುಟ್ಟ ರೇಡಿಯೋ ಒತ್ತಿಕೊಂಡಿದ್ದರು. ಕಣ್ಣೆದುರೇ ಆಟ ನಡೆಯುತ್ತಿದ್ದರೂ ರೇಡಿಯೋ ಹೇಳಿದ ಮೇಲೆಯೇ ಅವರಿಗೆ ನಂಬಿಕೆ.

ಪ್ರಕಾಶ್ ನನಗೆ ಆಟ ವಿವರಿಸುತ್ತಾ ಹೋದರು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಕೊನೆಯ ಪಟ್ಟಿಯೊಳಗೆ ಚೆಂಡು ಹಿಡಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಹಿಡಿಯುವವನ ಎರಡೂ ಕಾಲು ಬಿಳಿ ಗೆರೆಯ ಒಳಗೆ ಊರಿರಬೇಕು. ಅರ್ಧ ಆಟ ಮುಗಿಯುವ ಹೊತ್ತಿಗೆ ನನಗೂ ಆಟದ ಜಾಡು ಸಿಕ್ಕಿತು. ನಾನೂ ಎದ್ದು ನಿಲ್ಲುತ್ತಿದ್ದೆ, ಕೂರುತ್ತಿದ್ದೆ.

ಒಂದು ವಿಷಯ ಗಮನಕ್ಕೆ ಬಂತು. ಆಟ ಬಿಗಿಯಾದಾಗಲೆಲ್ಲ ವಿನ್ಸೆಂಟ್ ತಲೆ ತಗ್ಗಿಸಿ ತಮ್ಮ ಬೂಟು ನೋಡುತ್ತಾ ಕೂತುಬಿಡುತ್ತಿದ್ದರು. ಪ್ರಕಾಶ್ ನನ್ನ ಕಿವಿಯಲ್ಲಿ ಹೇಳಿದರು: "ಅವರಿಗೆ ನೋಡಕ್ಕಾಗಲ್ಲ ಅಕ್ಕ. ಟೆನ್ಷನ್. ಮೊದ್ಲಿಂದ್ಲೂ ಹಾಗೇ. ಕ್ಯಾರಲ್ ನೋಡಿ ಹೇಳೋರು, ಇವರು ಕೇಳೋರು."

ಕೊನೆಯ ನಿಮಿಷಕ್ಕೆ ಬಂದಾಗ ನಮ್ಮವರು ನಾಲ್ಕು ಅಂಕ ಹಿಂದಿದ್ದರು. ಮೂರಂಕದ ಒದೆತದಿಂದ ಏನೂ ಆಗುವಂತಿರಲಿಲ್ಲ. ಚೆಂಡು ನಮ್ಮ ಮೂಲೆಯ ಹತ್ತಿರಕ್ಕೇ ಬಂದಿತ್ತು. ಮೂರು ಪ್ರಯತ್ನ ಕೈಕೊಟ್ಟವು. ನಾಲ್ಕನೆಯದು ಉಳಿಯಿತು. ಇಡೀ ಸ್ಟೇಡಿಯಂ ಎದ್ದು ನಿಂತಿತು. ವಿನ್ಸೆಂಟ್ ಮಾತ್ರ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದರು. "ಹೇಳಿ ಟೀಚರ್" ಎಂದರು ಮುಖ ಎತ್ತದೆ.

ಚೆಂಡು ಎತ್ತರಕ್ಕೆ ಹಾರಿ ನಮ್ಮ ಕಡೆಗೇ ಬಂತು. ನೀಳಕಾಯದ ಹುಡುಗನೊಬ್ಬ ಓಡಿಬಂದು, ಹಾರಿ, ಎರಡೂ ಕೈಯಲ್ಲಿ ಅದನ್ನು ಬಾಚಿಕೊಂಡ. ಅವನ ಎಡಗಾಲು ಹಸಿರಿನ ಮೇಲೆ ಊರಿತು, ಹಿಂದೆಯೇ ಬಲಗಾಲು. ಬೂಟಿನ ತುದಿಗೂ ಬಿಳಿ ಗೆರೆಗೂ ನಡುವೆ ಅಂಗೈಯಗಲ ಹಸಿರು ನನಗೆ ಸ್ಪಷ್ಟವಾಗಿ ಕಂಡಿತು. ಅದಾದ ಮೇಲೆಯೇ ಅವನು ಗೆರೆಯಾಚೆ ಉರುಳಿದ್ದು.

"ಹಿಡಿದ! ಒಳಗೇ ಹಿಡಿದ!" ಎಂದು ಕೂಗಿದೆ. ಕೂಗಿದ್ದು ಕನ್ನಡದಲ್ಲಿ ಎಂದು ಅರಿವಾಗಿ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದೆ. ಅಷ್ಟರಲ್ಲಿ ವಿನ್ಸೆಂಟ್ ಎದ್ದಿದ್ದರು. ನನ್ನ ಎರಡೂ ಕೈ ಹಿಡಿದು ಕುಲುಕಿದರು. ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಬರೆಯಲಾರೆ. ಹತ್ತು ವರ್ಷ ಚಿಕ್ಕವರಾದಂತೆ ಕಂಡರು.

ಆಗ ಹಿಂದಿನಿಂದ ಏದುಸಿರು ಬಿಡುತ್ತಾ ಓಡಿಬಂದ ಒಬ್ಬ ತೀರ್ಪುಗಾರ ಎರಡೂ ತೋಳುಗಳನ್ನು ಅಡ್ಡಡ್ಡ ಬೀಸಿದ. ಹೊರಗೆ. ಹಿಡಿದದ್ದು ಲೆಕ್ಕಕ್ಕಿಲ್ಲ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಕೂಗಾಟ ಇದ್ದಕ್ಕಿದ್ದಂತೆ ನಿಂತು, ಬೇರೆಯೇ ಒಂದು ಸದ್ದಾಗಿ ಎದ್ದಿತು. ಆ ಹುಡುಗ ತೀರ್ಪುಗಾರನೆದುರು ಮಂಡಿಯೂರಿ, ತನ್ನ ಕಾಲು ಊರಿದ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸುತ್ತಿದ್ದ. ಇನ್ನಿಬ್ಬರು ತೀರ್ಪುಗಾರರು ಬಂದರು, ಮೂವರೂ ತಲೆ ಸೇರಿಸಿ ಮಾತಾಡಿದರು. ವಿಡಿಯೋ ನೋಡಿ ತೀರ್ಪು ತಿದ್ದುವ ನಿಯಮ ಆ ವರ್ಷ ಇರಲಿಲ್ಲ. ಸ್ಟೇಡಿಯಮ್ಮಿನ ದೊಡ್ಡ ಪರದೆಯ ಮೇಲೆ ಆ ದೃಶ್ಯ ಮತ್ತೆ ಬರಲೇ ಇಲ್ಲ, ಯಾವುದೋ ಜಾಹೀರಾತು ಓಡುತ್ತಿತ್ತು. ತೀರ್ಪು ನಿಂತಿತು. ಎದುರಾಳಿಗಳು ಚೆಂಡು ತೆಗೆದುಕೊಂಡು, ಅದನ್ನು ಆಡಿಸದೆ, ನಿಯಮದಲ್ಲಿ ಅವಕಾಶವಿರುವಂತೆ ಮಂಡಿಯೂರಿ ಸಮಯ ಕಳೆದರು. ಆಟ ಮುಗಿಯಿತು.

ಹಿಂದಿನ ಸಾಲಿನ ರೇಡಿಯೋದವರು "ಎರಡೂ ಕಾಲು ಒಳಗೆ ಅನ್ನುತ್ತಿದ್ದಾರೆ, ಎರಡೂ ಕಾಲು!" ಎಂದು ಸುತ್ತಲಿನವರಿಗೆಲ್ಲ ಹೇಳುತ್ತಾ ಅಳುತ್ತಿದ್ದರು. ಕಾಗದದ ಲೋಟ, ಮಂಜಿನ ಉಂಡೆ, ಕೈಗವಸು, ಸಿಕ್ಕಿದ್ದೆಲ್ಲ ಮೈದಾನಕ್ಕೆ ಬೀಳುತ್ತಿತ್ತು. ಮನೆಯಲ್ಲಿ ಜೋರಾಗಿ ಮಾತಾಡದ ನಮ್ಮ ಪ್ರಕಾಶ್ ಸೀಟಿನ ಮೇಲೆ ಹತ್ತಿ ನಿಂತಿದ್ದರು. ಅವರ ಇಂಗ್ಲಿಷು ಖರ್ಚಾಗಿ ಹೋಗಿತ್ತು. "ಕಣ್ ಕಾಣಲ್ವೇನೋ ನಿಂಗೆ! ಹೊಟ್ಟೆಗೆ ಏನ್ ತಿಂತೀಯ!" ಎಂದು ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರಂತೆ ಕೂಗುತ್ತಿದ್ದರು. ಸುತ್ತಲಿನವರು ಅರ್ಥವಾಗದಿದ್ದರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ವಿನ್ಸೆಂಟ್ ಕೂಗಲಿಲ್ಲ. ನನ್ನ ಕೈ ಬಿಟ್ಟು ಮೆಲ್ಲಗೆ ಕೂತರು. ಜನ ಖಾಲಿಯಾದರು, ಕಸ ಗುಡಿಸುವವರು ಬಂದರು, ಕಾವಲಿನವರು ಒಂದು ಸಲ ಹೇಳಿ ಹೋದರು. ವಿನ್ಸೆಂಟ್ ಆ ಮೂಲೆಯನ್ನೇ ನೋಡುತ್ತಿದ್ದರು. ಕೊನೆಗೆ ಪ್ರಕಾಶ್ ಅವರ ತೋಳು ಹಿಡಿದು ಎಬ್ಬಿಸಬೇಕಾಯಿತು.

ಪಾರ್ಕಿಂಗ್ ಬಯಲಿನಿಂದ ಹೊರಬೀಳಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಆಗಲೇ ಕತ್ತಲಾಗುತ್ತಿತ್ತು. ಕಾರುಗಳ ನಡುವೆ ಗಂಡಸರು ಸುಮ್ಮನೆ ನಿಂತಿದ್ದರು, ಒಬ್ಬಾತ ಬಾನೆಟ್ಟಿನ ಮೇಲೆ ತಲೆಯಿಟ್ಟು ಮಲಗಿದ್ದ. ಪ್ರಕಾಶ್ ರೇಡಿಯೋ ಹಾಕಿದರು. ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ. ಒಬ್ಬನ ಹಿಂದೆ ಒಬ್ಬ ಅದೇ ಮಾತು, ಅದೇ ಬೈಗುಳ. ಹೋಬೋಕನ್ನಿನಿಂದ ಮಾತಾಡಿದ ಮುದುಕನೊಬ್ಬ ಮಾತಿನ ಮಧ್ಯದಲ್ಲೇ ಫೋನ್ ಇಟ್ಟುಬಿಟ್ಟ.

"ಆರಿಸುತ್ತೀರಾ?" ಎಂದರು ವಿನ್ಸೆಂಟ್.

ಪ್ರಕಾಶ್ ಆರಿಸಿದರು. ಲಿಂಡನ್ನಿನ ಚಿಮಣಿಗಳ ತುದಿಯ ಬೆಂಕಿ ಎಡಗಡೆ ಕಾಣಿಸಿ ಹಿಂದಾಯಿತು. ನಾನು ಅಷ್ಟು ಬೇಗ ಕೂಗದೆ ಸುಮ್ಮನಿದ್ದಿದ್ದರೆ, ಆ ಒಂದು ಕ್ಷಣದ ಸಂತೋಷ ಅವರಿಗೆ ಸಿಗುತ್ತಿರಲಿಲ್ಲ, ಕಿತ್ತುಕೊಂಡಂತೆಯೂ ಆಗುತ್ತಿರಲಿಲ್ಲ ಎಂದು ಯೋಚಿಸುತ್ತಾ ಕೂತಿದ್ದೆ.

ಮನೆ ಮುಟ್ಟಿದಾಗ ವಾಸಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಟಿ.ವಿ.ಲಿ ನೋಡ್ದೆ" ಎಂದಳು ಅಷ್ಟೆ. ಬಿಸಿ ಸಾರು ಅನ್ನ ಊಟ ಮಾಡಿ ಹೋಗಿ ಎಂದು ವಿನ್ಸೆಂಟರನ್ನು ಕರೆದಳು. ಅವರು ಟೋಪಿ ತೆಗೆದು ಥ್ಯಾಂಕ್ಸ್ ಹೇಳಿ ರಸ್ತೆ ದಾಟಿ ಹೋದರು. ಅಂದು ಸಂಜೆಯ ಸುದ್ದಿಯಲ್ಲಿ ಆ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸಿದರು. ಎಡಗಾಲು, ಬಲಗಾಲು, ನಡುವೆ ಹಸಿರು. ನಾನು ಕಂಡದ್ದೇ. ಪ್ರಕಾಶ್ ಎದ್ದು ಟಿ.ವಿ. ಆರಿಸಿದರು.

ವಾರವೆಲ್ಲ ಊರು ಅದನ್ನೇ ಮಾತಾಡಿತು. ನಾನು ಊರಿಗೆ ಹೊರಡುವ ಮೊದಲು ಒಮ್ಮೆ ದೇವರ ದರ್ಶನವಾಗಲಿ ಎಂದು ಶನಿವಾರ ಬ್ರಿಡ್ಜ್‌ವಾಟರಿಗೆ ಹೋದೆವು. ಅಲ್ಲಿ ಊಟದ ಹಾಲಿನಲ್ಲೂ ನಮ್ಮ ಕನ್ನಡದ ಅಂಕಲ್‌ಗಳು ಎರಡು ಇಡ್ಲಿ ಚೂರನ್ನು ಕಾಲು ಮಾಡಿ, ಚಮಚವನ್ನು ಗೆರೆ ಮಾಡಿ ವಾದ ಮಾಡುತ್ತಿದ್ದರು. "ಮುಂದಿನ್ ವರ್ಷ ನೋಡೋಣ ಬಿಡ್ರೀ" ಎಂದು ಹುಬ್ಬಳ್ಳಿ ಕಡೆಯವರೊಬ್ಬರು ಕೈ ತೊಳೆಯಲು ಎದ್ದರು. ಮುಂದಿನ ವರ್ಷ ಎಂಬ ಮಾತು ಎಲ್ಲರ ಬಾಯಲ್ಲೂ ಅಷ್ಟು ಸಲೀಸಾಗಿ ಬರುತ್ತಿತ್ತು.

ಮರುದಿನ, ಭಾನುವಾರ, ನನ್ನ ವಿಮಾನ. ಗೆದ್ದಿದ್ದರೆ ಅದೇ ಹೊತ್ತಿಗೆ ವಿನ್ಸೆಂಟ್, ಪ್ರಕಾಶ್ ಸ್ಟೇಡಿಯಮ್ಮಿಗೆ ಹೊರಟಿರುತ್ತಿದ್ದರು. ರಾತ್ರಿ ಹಿಮ ಬಿದ್ದು ಬೆಳಗ್ಗೆ ಬಿಸಿಲು ಬಂದಿತ್ತು. ಪ್ರಕಾಶ್ ಸೂಟ್‌ಕೇಸುಗಳನ್ನು ಡಿಕ್ಕಿಗೆ ಹೊಂದಿಸುತ್ತಿದ್ದಾಗ ವಿನ್ಸೆಂಟ್ ಸಲಿಕೆ ಹಿಡಿದುಕೊಂಡೇ ರಸ್ತೆ ದಾಟಿ ಬಂದರು. ವಾರದಲ್ಲಿ ಅವರನ್ನು ನಾನು ನೋಡಿರಲಿಲ್ಲ. ಗಡ್ಡ ಬೆಳೆದಿತ್ತು.

"ಟೀಚರ್, ನಿಮ್ಮನ್ನು ಒಂದು ಮಾತು ಕೇಳಬೇಕು. ನಾನು ಟಿ.ವಿ. ಹಾಕಿಲ್ಲ, ಪೇಪರ್ ಬಿಚ್ಚಿಲ್ಲ. ಬೀದಿಯವರೆಲ್ಲ ಒಳಗಿದ್ದ ಅನ್ನುತ್ತಾರೆ. ಅವರು ನಮ್ಮ ತಂಡದವರು, ಹಾಗೆ ಅನ್ನಲೇಬೇಕು. ನಿಮಗೆ ಯಾವ ತಂಡವೂ ಇಲ್ಲ. ನೀವು ಹೇಳಿದರೆ ನಂಬುತ್ತೇನೆ. ಆ ಹುಡುಗ ಒಳಗಿದ್ದನೇ?"

"ಒಳಗಿದ್ದ" ಎಂದೆ. "ಎರಡು ಕಾಲೂ ಒಳಗಿದ್ದವು. ನಾನು ಸರಿಯಾಗಿ ನೋಡಿದೆ."

ಅವರಿಗೆ ಸಮಾಧಾನವಾಗಬಹುದೆಂದು ತಿಳಿದಿದ್ದೆ. ಅವರು ಸಲಿಕೆಯ ಹಿಡಿಯನ್ನು ನೋಡುತ್ತಾ ನಿಂತರು.

"ಇಲ್ಲ ಅನ್ನುತ್ತೀರೇನೋ ಅಂದುಕೊಂಡಿದ್ದೆ" ಎಂದರು. "ಹೊರಗಿದ್ದ ಅಂದಿದ್ದರೆ, ಸೋತೆವು, ಆಯಿತು ಅಂತ ಸುಮ್ಮನಾಗುತ್ತಿದ್ದೆ."

ಅವರು ಕೈ ಚಾಚಿದರು, ನಾನು ಹಿಡಿದುಕೊಂಡೆ. ಸುಖವಾಗಿ ಊರು ಸೇರಿ ಎಂದು ಹರಸಿ ತಿರುಗಿದರು. ವಾಸಂತಿ ಅಳುತ್ತಿದ್ದಳು, ಮಗುವಿನ ಕೆನ್ನೆಗೆ ಮುತ್ತಿಟ್ಟು ಕಾರು ಹತ್ತಿದೆ.

ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ವಿನ್ಸೆಂಟರ ಮನೆ ಮುಂದಿನ ಹಾದಿಯಲ್ಲಿ ಹಿಮ ಒಂದು ಚೂರೂ ಉಳಿದಿರಲಿಲ್ಲ, ಕಪ್ಪು ಟಾರು ಬಿಸಿಲಿಗೆ ಹೊಳೆಯುತ್ತಿತ್ತು. ಅವರು ಬಾಗಿ, ಬರಿಯ ನೆಲವನ್ನು ಸಲಿಕೆಯಿಂದ ಮತ್ತೆ ಮೊದಲಿನಿಂದ ಕೆರೆಯತೊಡಗಿದ್ದರು.