ಅರ್ಧಕ್ಕೆ ಇಂಗಿಸಿದ ನೀರು

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಬಚ್ಚಲಲ್ಲಿ ಹಂಡೆಯೊಳಗೆ ತಲೆ ತೂರಿಸಿಕೊಂಡು ಕೂತಿದ್ದೆ. ಒಳಗೆ ಕಟ್ಟಿಕೊಂಡಿದ್ದ ಬಿಳೀ ಪದರವನ್ನು ಹಳೇ ಉಳಿಯಿಂದ ಕೆತ್ತುತ್ತಿದ್ದೆ. ಬಾಣಂತಿ ಮನೆಗೆ ಬರುವ ಹೊತ್ತಿಗೆ ಹಂಡೆ ಚೊಕ್ಕಟವಾಗಿರಲಿ ಅಂತ. ಮಗ ಅಂಗಳದಿಂದಲೇ ಕೂಗಿದ.

"ಅಮ್ಮೋ, ಅಕ್ಕಂಗೆ ಹೆಣ್ಣು ಮಗು ಕಣಮ್ಮೋ!"

"ಆಂ?" ಅಂದೆ. ಹಂಡೆಯೂ "ಆಂ?" ಅಂತು. ದಡಬಡ ಎದ್ದವಳು ಹಂಡೆಯ ಕಂಠಕ್ಕೆ ತಲೆ ಬಡಿಸಿಕೊಂಡೆ. ಹಣೆ ಊದಿದ್ದು ಮಾರನೇ ದಿನ ಕುಂಕುಮ ಇಟ್ಟುಕೊಳ್ಳುವಾಗಲೇ ಗೊತ್ತಾಗಿದ್ದು.

ಮದುವೆಯಾಗಿ ಎಷ್ಟೋ ವರ್ಷ ನನ್ನ ಮಗಳಿಗೆ ಮಕ್ಕಳಾಗಿರಲಿಲ್ಲ. ಅಂತರಘಟ್ಟಮ್ಮನಿಗೆ ನಾನು ಹೊತ್ತ ಹರಕೆ ನನಗೇ ಮರೆಯುವಷ್ಟು ಹಳೆಯದಾಗಿತ್ತು. ಹಾಗಾಗಿ ಆವತ್ತು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನ ಡೇರಿಯಲ್ಲಿ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ತೆಂಗಿನಕಾಯಿ ಕೆಡವಲು ಬಂದವನು ಇನ್ನೂ ಮರದ ಮೇಲಿದ್ದಾಗಲೇ ಕೆಳಗಿನಿಂದ ಕೂಗಿ ಹೇಳಿದೆ. "ಇಳಿಯೋವರ್ಗಾದ್ರೂ ತಡ್ಕೊಳ್ಳಕ್ಕಾಗ್ಲಿಲ್ವೇನವ್ವಾ?" ಅಂತ ಅವನು ನಕ್ಕ.

ತಡೆದುಕೊಳ್ಳದಿರುವುದಕ್ಕೆ ಇನ್ನೊಂದು ಕಾರಣವಿತ್ತು. ಬಾಣಂತನ ಮುಗಿದ ಮೇಲೂ ಮಗು ನನ್ನ ಹತ್ತಿರವೇ ಇರುವುದೆಂದು ಮಾತಾಗಿತ್ತು. ಮಗಳು, ಅಳಿಯ ಇರುವುದು ತರೀಕೆರೆಯಲ್ಲಿ, ಬಾಡಿಗೆ ಮನೆಯಲ್ಲಿ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅಳಿಯ ಎಲೆಕ್ಟ್ರಿಷಿಯನ್. ಲಿಂಗದಹಳ್ಳಿಯ ಹತ್ತಿರವಿರುವ ಬೀಗಿತ್ತಿಗೆ ತೋಟದ ಕೆಲಸ, ದನಗಳ ಕೆಲಸ. "ಸ್ಕೂಲಿಗೆ ಸೇರ್ಸೋವರ್ಗೂ ನೀವೇ ಸಾಕ್ಕೊಳಿ ಬೀಗ್ರೇ, ನನ್ ಕೈಲಾಗಲ್ಲ" ಅಂತ ಆಕೆ ಸೀಮಂತದ ದಿನವೇ ಹೇಳಿಬಿಟ್ಟಿದ್ದರು. ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ನಾನು ಅವರ ಮಾತು ಮುಗಿಯುವ ಮೊದಲೇ ಹ್ಞೂಂಗುಟ್ಟಿದ್ದೆ.

ನಮ್ಮ ನೀರಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಾವಿರುವುದು ದೇವನೂರಿನ ಕಡೆಯ ಒಂದು ಹಳ್ಳಿಯಲ್ಲಿ. ಬೋರಿನ ನೀರು ನೋಡಲು ಬಲು ಚೆಂದ. ಚೊಂಬಿಗೆ ಹಿಡಿದರೆ ತಳದ ಗೀರುಗಳೂ ಕಾಣುತ್ತವೆ. ಆದರೆ ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ, ಮೊಸರಿನ ಹಾಗೆ ಒಡೆದು ಕೈಗೆ ಮೆತ್ತಿಕೊಳ್ಳುತ್ತದೆ. ತೊಗರಿಬೇಳೆ ಕುಕ್ಕರು ಕೂಗಿ ಕೂಗಿ ಸುಸ್ತಾದರೂ ಕರಗುವುದಿಲ್ಲ. ಒಣಹಾಕಿದ ಟವೆಲು ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಲೋಟ ತೊಳೆದು ಕವುಚಿಟ್ಟರೆ ಬೆಳಗ್ಗೆ ಅಂಚಿನಲ್ಲಿ ಬಿಳೀ ಗೆರೆ. ನಾನು ಮದುವೆಯಾಗಿ ಬಂದಾಗ ಹಿತ್ತಲಿನ ಬಾವಿಯ ನೀರು ಹೀಗಿರಲಿಲ್ಲ. ಅದು ಬತ್ತಿತು, ಬೋರು ಬಂತು, ಅದೂ ಬತ್ತಿತು, ಇನ್ನೂ ಆಳಕ್ಕೆ ಕೊರೆಸಿದೆವು. ಆಳಕ್ಕೆ ಹೋದಷ್ಟೂ ನೀರು ಬಂಡೆಯೊಳಗಿನದನ್ನೆಲ್ಲ ಹೊತ್ತುಕೊಂಡು ಬಂತು. ನೀರಿಗೆ ಬೇಡ ಅನ್ನುವುದು ಗೊತ್ತಿಲ್ಲ. ಸಕ್ಕರೆ ಹಾಕಿದರೆ ಸಕ್ಕರೆ, ಉಪ್ಪು ಹಾಕಿದರೆ ಉಪ್ಪು, ಯಾವುದನ್ನು ಮುಟ್ಟಿತೋ ಅದನ್ನು ಒಳಗೆ ಸೇರಿಸಿಕೊಂಡು ಏನೂ ಆಗದವರ ಹಾಗೆ ತಿಳಿಯಾಗಿ ಕೂತಿರುತ್ತದೆ.

ನಮ್ಮೂರಿನವರ ಹಲ್ಲಿನ ಮೇಲೆ ಕಂದು ಪಟ್ಟೆ ಇರುತ್ತದೆ. ಮಗಳ ಹಲ್ಲಿನ ಮೇಲೂ ಇದೆ. ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋದಲ್ಲೂ ಅವಳು ಬಾಯಿ ಬಿಟ್ಟು ನಕ್ಕಿಲ್ಲ. ನಮ್ಮ ಯಜಮಾನರಿಗೆ ಕತ್ತು ಮರಗಟ್ಟಿ, ಬೆನ್ನು ಬಾಗಿ, ಈಗ ನೆಲವನ್ನಷ್ಟೇ ನೋಡಿಕೊಂಡು ಓಡಾಡುತ್ತಾರೆ. ನನಗೂ ಬೆರಳು ಮಡಿಸಿದರೆ ಬಿಡಿಸುವುದು ಕಷ್ಟ. ನೀರಿನಿಂದಲೇ ಎಂದು ಯಾರೋ ಯಾವಾಗಲೋ ಹೇಳಿದ್ದರು. ಆದರೆ ಕೆಲವು ಮನೆತನದಲ್ಲಿ ಎಲ್ಲರಿಗೂ ಮೂಗು ಉದ್ದ ಇರುವ ಹಾಗೆ, ನಮ್ಮೂರಿನವರ ಹಲ್ಲೇ ಹೀಗೆ ಅಂದುಕೊಂಡು ಬದುಕಿದೆವು. ಇನ್ನು ನೀರಿಗೆ ಏನೇ ದೋಷವಿದ್ದರೂ ಚೆನ್ನಾಗಿ ಕಾಯಿಸಿದರೆ ಹೋಗುತ್ತದೆ ಅನ್ನುವುದು ನಾನು ಕಲಿತದ್ದು. ನಾಲ್ಕನೇ ಕ್ಲಾಸು ದಾಟದವಳಿಗೆ ಅಷ್ಟೇ ಸಾಕಾಗಿತ್ತು.

ಮಗು ಮನೆಗೆ ಬಂತು. ಅಯ್ಯೋ, ಅದರ ಹಿಮ್ಮಡಿ! ಕಡಲೆಕಾಳಿನ ಹಾಗೆ. ದಿನವೂ ಕಾಲು ಚಾಚಿ ಕೂತು ಅದನ್ನು ಮಲಗಿಸಿಕೊಂಡು ಎಣ್ಣೆ ತೀಡಿ, ಕಡಲೆಹಿಟ್ಟು ಸವರಿ ನೀರು ಹಾಕುತ್ತಿದ್ದೆ. ಕೊನೆಯ ಚೊಂಬನ್ನು ನಿವಾಳಿಸಿ ಚೆಲ್ಲಿ, ನನಗೆ ತೋಚಿದ್ದನ್ನೆಲ್ಲ ಹರಸುತ್ತಿದ್ದೆ. ಒಂದು ದಿನ "ಬಸ್ ಓಡ್ಸು, ವಿಮಾನ ಓಡ್ಸು" ಅಂದದ್ದಕ್ಕೆ ಮಗ, "ಮೊದ್ಲು ಕತ್ತು ನಿಲ್ಲಲಿ ಬಿಡಮ್ಮ" ಅಂತ ರೇಗಿಸಿದ.

ಮಗಳಿಗೆ ಕುಡಿಯಲು ಬಾಣಂತಿ ನೀರು. ನಮ್ಮಲ್ಲಿ ಬಾಣಂತಿಗೆ ಹಸಿ ನೀರು ಕೊಡುವುದಿಲ್ಲ. ತುಂಬಿದ ಪಾತ್ರೆ ಅರ್ಧವಾಗುವವರೆಗೆ ಕುದಿಸಬೇಕು. ನಮ್ಮತ್ತೆ ನನಗೆ ಹಾಗೆ ಮಾಡಿಕೊಟ್ಟಿದ್ದರು. ನಾನು ತೆಂಗಿನ ಗರಿ, ಚಿಪ್ಪು ಉರಿಹಾಕಿ ಒಲೆಯ ಮುಂದೆಯೇ ಕೂತಿರುತ್ತಿದ್ದೆ. ಅರ್ಧವಾದ ಮೇಲೂ ಇರಲಿ ಅಂತ ಇನ್ನಷ್ಟು ಇಂಗಿಸುತ್ತಿದ್ದೆ. ಪಕ್ಕದ ಮನೆಯ ಅಕ್ಕ ಬಂದು ನೋಡಿ, "ಹಿಂಗೆ ಬಾಣಂತನ ಮಾಡೋರು ಈಗ ಯಾರವ್ರೆ ತಾಯಿ" ಅಂದಾಗ ನನ್ನ ಎದೆ ಇಷ್ಟಗಲ ಆಗುತ್ತಿತ್ತು.

ಮಗುವಿನ ತೂಕ ನೋಡಲು ಆಸ್ಪತ್ರೆಯ ಸಿಸ್ಟರು ಬಂದರು. ಜಗಲಿಯಲ್ಲಿ ಕೂತಿದ್ದ ಯಜಮಾನರನ್ನು ನೋಡಿದರು, ಮಗಳ ಹಲ್ಲು ನೋಡಿದರು. "ಯಾವ ನೀರಮ್ಮ ಕುಡಿಯೋದು?" ಅಂತ ಕೇಳಿದರು. ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದು, ಅದರಲ್ಲಿರುವ ಔಷಧಿ ಬೆರೆಸಿದರೆ ನೀರು ಎಂಥದ್ದೆಂದು ಗೊತ್ತಾಗುತ್ತದೆ ಅಂದರು. ಬಣ್ಣ ಹಳದಿಯ ಕಡೆಗೆ ತಿರುಗಿದಷ್ಟೂ ಕೆಟ್ಟದ್ದಂತೆ.

ನಾನು ಓಡಿಹೋಗಿ ಬಾಣಂತಿ ನೀರನ್ನೇ ತಂದೆ. "ಬೋರಿಂದು ಬಿಡಿ ಸಿಸ್ಟ್ರೇ, ಅದು ದನಕ್ಕೆ. ಇದನ್ನ ನೋಡಿ. ಬೆಳಗಿಂದ ಕಾಯ್ಸಿದೀನಿ."

ಅವರು ಬೋರಿನದನ್ನೂ ಒಂದು ಲೋಟ ತರಿಸಿ, ಎರಡಕ್ಕೂ ಔಷಧಿ ಬೆರೆಸಿದರು. ಬೋರಿನ ನೀರಿನಲ್ಲಿ ಔಷಧಿಯ ಗುಲಾಬಿ ಬಣ್ಣ ಮಂಕಾಗಿ ಕಿತ್ತಳೆಗೆ ಬಂತು. ನನ್ನ ನೀರಿನಲ್ಲಿ ಅದು ನೋಡನೋಡುತ್ತಲೇ ಪೂರಾ ಹಳದಿಯಾಯಿತು.

"ಅದಲು ಬದಲಾಗಿರ್ಬೇಕು" ಅಂದೆ.

"ಇಲ್ಲಮ್ಮ. ಕಾಯ್ಸಿದ್ರೆ ಹುಳ ಸಾಯ್ತವೆ. ಇದು ಹುಳ ಅಲ್ಲ, ಕಲ್ಲಿಂದ ಬಂದಿದ್ದು. ಆವಿಯಾಗಿ ಮೇಲಕ್ಕೆ ಹೋಗೋದು ನೀರೊಂದೇ. ಮಿಕ್ಕಿದ್ದೆಲ್ಲ ಪಾತ್ರೇಲೇ ಉಳ್ಕೊಳುತ್ತೆ. ಸಾರು ಕುದ್ದು ಇಂಗಿದ್ರೆ ಉಪ್ಪಾಗಲ್ವಾ?"

ಒಂದು ಜನ್ಮವೆಲ್ಲ ಸಾರು ಕುದಿಸಿದ್ದೇನೆ. ಇಂಗಿದ ಸಾರು ಉಪ್ಪಾಯಿತೆಂದು ಎಷ್ಟು ಸಲ ಬೈಸಿಕೊಂಡಿದ್ದೇನೆ. ನೀರಿನ ಮಟ್ಟಿಗೆ ಆ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ. ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡಿದೆ. ಒಳಮೈಯಲ್ಲಿ ಹನಿಗಳು ಕೂತಿದ್ದವು. ಒಳ್ಳೆಯ ನೀರೆಂದರೆ ಅದೇ. ಅದನ್ನು ನಾನು ದಿನಾ ಒಲೆಯ ಮುಂದೆ ಕೊಡವಿ ಚೆಲ್ಲುತ್ತಿದ್ದೆ. ಉಳಿದದ್ದನ್ನು ಸೋಸಿ, ಆರಿಸಿ, ಜೀರಿಗೆ ಹಾಕಿ ಮಗಳಿಗೆ ಕುಡಿಸುತ್ತಿದ್ದೆ.

ಸಿಸ್ಟರು ಒಳ್ಳೆಯವರು. "ಎದೆಹಾಲಿಗೆ ಜಾಸ್ತಿ ಬರಲ್ಲ, ಹೆದರ್ಕೋಬೇಡಿ. ಸ್ನಾನಕ್ಕೂ ಅಡ್ಡಿಯಿಲ್ಲ. ಮಗು ನೀರು ಕುಡಿಯೋಕೆ, ರಾಗಿ ಸರಿ ತಿನ್ನೋಕೆ ಶುರು ಮಾಡಿದ್ಮೇಲೆ ಹುಷಾರು. ಬಾಯಲ್ಲಿ ಕೊನೇವರ್ಗೂ ಉಳಿಯೋ ಹಲ್ಲು ಈಗ್ಲೇ ಒಸಡೊಳಗೆ ಕಟ್ತಾ ಇರುತ್ತೆ. ಒಂದ್ಸಲ ಪಟ್ಟೆ ಬಿದ್ರೆ ತೊಳೆದ್ರೆ ಹೋಗಲ್ಲ" ಅಂದರು. ಹೋಗುವಾಗ ಯಜಮಾನರ ಬೆನ್ನು ಮುಟ್ಟಿ ನೋಡಿದರು.

ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ. ಅದು ಕೆಟ್ಟಿದ್ದರೆ ರಿಪೇರಿಗೆ ಕಾಯಬೇಕು, ರಿಪೇರಿಯಾಗಿದ್ದರೆ ಕರೆಂಟಿಗೆ ಕಾಯಬೇಕು. ಅದಕ್ಕೆ ಮಗ ಕಡೂರಿನಲ್ಲಿ ಗೆಳೆಯನ ಮನೆಯ ನಲ್ಲಿಯಿಂದ ಹೊಳೆ ನೀರನ್ನು ಕ್ಯಾನಿಗೆ ತುಂಬಿ ಬೈಕಿನಲ್ಲಿ ತರತೊಡಗಿದ. ಅದನ್ನು ಸ್ಟೀಲಿನ ಬಿಂದಿಗೆಗೆ ಹುಯ್ದು, ಕುತ್ತಿಗೆಗೆ ಕೆಂಪು ದಾರ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಮಗುವಿನ ಅಡುಗೆಗೂ ಕುಡಿಯುವುದಕ್ಕೂ ಅದೇ. ಬೇರೆಯವರು ಮುಟ್ಟುವ ಹಾಗಿಲ್ಲ. ಮಗುವಿಗೆ ಅನ್ನಪ್ರಾಶನವಾಯಿತು, ರಾಗಿ ಸರಿ ಶುರುವಾಯಿತು. ಮಗಳು ಕೆಲಸಕ್ಕೆ ಮರಳುವ ದಿನ ಹತ್ತಿರ ಬಂತು. ನಾನು ಸರಿ ತಿನ್ನಿಸುತ್ತ ಒಸಡಿನ ಮೇಲೆ ಬೆರಳಾಡಿಸಿ, ಒಳಗಿನ ಹಲ್ಲಿಗೆ ಕೇಳುವ ಹಾಗೆ ಹೇಳುತ್ತಿದ್ದೆ, "ಬೆಳ್ಳಗೆ ಬನ್ರಪ್ಪಾ, ನಿಮ್ಮಜ್ಜಿ ಕಾವ್ಲಿದಾಳೆ."

ಒಂದು ಸಂಜೆ ಮಗ ಬರಿಗೈಯಲ್ಲಿ ಬಂದ. "ಟೈರ್ ಪಂಕ್ಚರ್ ಆಯ್ತಮ್ಮ, ಎರಡು ದಿನದಿಂದ ಕಡೂರಿಗೆ ಹೋಗಕ್ಕಾಗ್ಲಿಲ್ಲ. ನೀರು ಖಾಲಿಯಾಗಿರ್ಬೇಕಲ್ಲ?"

"ಇಲ್ವಲ್ಲ, ಬಿಂದಿಗೆ ತುಂಬಿದೆ. ನೀನೇ ತಂದು ಹುಯ್ದಿದೀಯ ಅಂತ ಮಧ್ಯಾಹ್ನ ಸರಿ ಮಾಡ್ದೆ" ಅಂದೆ. ಹೇಳುತ್ತಿದ್ದ ಹಾಗೇ ಬಿಂದಿಗೆಯ ಕಡೆ ತಿರುಗಿದೆ.

ಜಗಲಿಯಿಂದ ಯಜಮಾನರು ಸಲೀಸಾಗಿ ಹೇಳಿದರು, "ನಾನೇ ತುಂಬ್ಸಿದೆ ಕಣೇ. ಕೂಸಿರೋ ಮನೇಲಿ ಬರಿಗೊಡ ಇಡ್ತಾರೇನೇ? ಕಣ್ಣಿಗೆ ಬಿದ್ದಾಗೆಲ್ಲ ನಾನೇ ತುಂಬ್ಸೋದು. ನಿಂಗೆ ಈಗ ಗೊತ್ತಾಯ್ತಾ?"

ಅವರಿಗೆ ಕತ್ತು ಎತ್ತಲಾಗದು, ನೆಲದಲ್ಲಿರುವುದಷ್ಟೇ ಕಾಣುತ್ತದೆ. ಮೂಲೆಯಲ್ಲಿ ಬಿಂದಿಗೆ ಬರಿದಾಗಿರುವುದು ಕಂಡಿದೆ. ಬಿಂದಿಗೆ ಹೊರುವ ಶಕ್ತಿಯಿಲ್ಲ. ಬೋರಿನ ನಲ್ಲಿಯಿಂದ ಚೊಂಬಿನಲ್ಲಿ ಹಿಡಿದು ಹಿಡಿದು, ಗೋಡೆಗೆ ಆತುಕೊಂಡು ನಡೆದು ತುಂಬಿಸಿದ್ದಾರೆ. ಮೊಮ್ಮಗಳಿಗೆ ಅಪಶಕುನ ಆಗಬಾರದು ಅಂತ. ಕೆಂಪು ದಾರ ಏಕೆಂದು ಅವರಿಗೆ ಹೇಳಿದ್ದೆ. ದಾರ ಕಟ್ಟಿದ ಬಿಂದಿಗೆ ಮಗುವಿನದು ಅನ್ನುವುದು ಅವರಿಗೆ ನೆನಪಿತ್ತು. ಅದಕ್ಕೇ ಅದನ್ನು ಇನ್ನೂ ಮುತುವರ್ಜಿಯಿಂದ ತುಂಬಿಸಿದ್ದಾರೆ.

ಯಾವತ್ತಿನಿಂದ? ಯಾವ ಸರಿ ಯಾವ ನೀರಿನದು? ಬಿಂದಿಗೆಯಲ್ಲಿ ಇಣುಕಿದೆ. ಹೊಳೆಯದೂ ಬೋರಿನದೂ ಒಂದರೊಳಗೊಂದು ಸೇರಿ ತೆಪ್ಪಗಿದ್ದವು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬಹುದು. ಹಾಲು ಕೆಟ್ಟರೆ ವಾಸನೆ ಹೇಳುತ್ತದೆ. ನೀರು ಬಾಯಿ ಬಿಡುವುದಿಲ್ಲ. ಯಾರನ್ನು ಬೈಯಲಿ? ಹಿಟ್ಟು ಮೆತ್ತಿದ್ದ ಕೈಯಲ್ಲೇ ಬಿಂದಿಗೆಯನ್ನು ಹಿತ್ತಲಿಗೆ ಒಯ್ದು ಸುರಿದುಬಿಟ್ಟೆ.

ಮಗಳು ಸಮಾಧಾನ ಹೇಳಿದಳು. "ಒಂದಿಷ್ಟು ದಿನಕ್ಕೆ ಏನೂ ಆಗಲ್ಲ ಬಿಡಮ್ಮ. ಇನ್ಮೇಲೆ ಹುಷಾರಾಗಿದ್ರಾಯ್ತು."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದಳು. ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಕೈ ನೋಡುತ್ತ ನನಗೆ ನಿಶ್ಚಯವಾಗಿಹೋಯಿತು. ಸ್ಕೂಲಿಗೆ ಸೇರುವವರೆಗೆ ಅಂದರೆ ಎಷ್ಟು ದಿನ, ಎಷ್ಟು ಲೋಟ? ಅಜ್ಜನ ಕೈಯಿಂದ, ಪಕ್ಕದ ಮನೆಯವರ ಕೈಯಿಂದ, ಅಂಗಳದ ನಲ್ಲಿಯಿಂದ ಮಗು ಕುಡಿಯದ ಹಾಗೆ ನಾನೊಬ್ಬಳು ಕಾಯಬಲ್ಲೆನೆ?

ಬೀಗಿತ್ತಿಯ ಊರಿನಲ್ಲಿ ಕುಡಿಯುವುದು ಬೆಟ್ಟದ ಝರಿಯ ನೀರು. ಅವರಿಗೆ ನಾನೇ ಫೋನು ಮಾಡಿದೆ. ಮಗು ಅವರ ಹತ್ತಿರ ಇರಲಿ ಅಂದೆ.

"ಏನ್ ಬೀಗ್ರೇ, ಒಂದು ಕೂಸಿಗೇ ಸುಸ್ತಾಗ್ಬಿಟ್ರಾ? ಅವತ್ತು ಅಷ್ಟು ಜೋರಾಗಿ ಹ್ಞೂಂ ಅಂದಿದ್ರಿ!"

"ನಮ್ಮ ನೀರು ಆಗಲ್ಲ ಬೀಗ್ರೇ ಅದಕ್ಕೆ" ಅಂದೆ. ನನ್ನ ಮನೆಯ ಬಗ್ಗೆ ನಾನೇ ಆಡಿದ ಮಾತು ನನ್ನ ಕಿವಿಗೇ ಬೇರೆಯವರದೆಂಬಂತೆ ಕೇಳಿತು. ಆಕೆ, "ಕಳ್ಸಿ. ದನ ಒಂದೆರಡು ಕಡಿಮೆ ಮಾಡ್ಕೊತೀನಿ" ಅಂದರು.

ಕಾರು ಬಂದ ದಿನ ಮಗುವಿಗೆ ನಾನು ನೀರು ಹಾಕಿದೆ. ನಿವಾಳಿಸುವಾಗ ಹರಸುವ ಮಾತು ಯಾವುದೂ ಬರಲಿಲ್ಲ. ಯಜಮಾನರು ಮಗುವಿನ ಪಾದವಷ್ಟೇ ಕಾಣುತ್ತಿದ್ದುದರಿಂದ ಪಾದ ಹಿಡಿದುಕೊಂಡು, "ಯಾಕ್ ಕಳಿಸ್ತಿದೀಯೇ? ಚೆನ್ನಾಗೇ ಆಡ್ಕೊಂಡಿತ್ತಲ್ಲ" ಅಂದರು. ಅವರಿಗೆ ಎಷ್ಟೋ ಸಲ ಹೇಳಿದ್ದೆವು. ಅವರು ಇದೇ ನೀರು ಕುಡಿದು ಇಷ್ಟು ವಯಸ್ಸಾದವರು, ನಂಬಲಿಲ್ಲ.

ಈಗ ಮಗು ಗೋಡೆ ಹಿಡಿದು ನಡೆಯುತ್ತದೆ. ಯಾವಾಗಲಾದರೂ ಭಾನುವಾರ ಕರೆದುಕೊಂಡು ಬರುತ್ತಾರೆ, ಸಂಜೆಗೆ ಹೊರಡುತ್ತಾರೆ. ಅದು ಬರುತ್ತದೆ ಅಂದರೆ ಹಿಂದಿನ ದಿನದಿಂದಲೇ ನನಗೆ ಊಟ ಸೇರುವುದಿಲ್ಲ. ಕಳೆದ ಸಲ ಬಂದಾಗ ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಒಲೆಯ ಕೆಲಸ ಮುಗಿಸಿ ಬಂದು ಚೊಂಬೆತ್ತಿ ನೀರು ಕುಡಿಯುತ್ತಿದ್ದೆ. ಮಗು ಗೋಡೆ ಬಿಟ್ಟು ಎರಡು ಹೆಜ್ಜೆ ತಾನೇ ಇಟ್ಟು ಬಂದು ನನ್ನ ಮೊಣಕಾಲು ತಬ್ಬಿಕೊಂಡಿತು. ಖುಷಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಮಗು ಮುಖವೆತ್ತಿ ಬಾಯಿ ತೆರೆದು, "ನೀ... ನೀ..." ಅಂತು. ಎಲ್ಲಿ ಕಲಿತಿತ್ತೋ.

ಚೊಂಬನ್ನು ಮೇಲಿನ ಹಲಗೆಯ ಮೇಲಿಟ್ಟೆ. ಮಗು ಅತ್ತಿತು. ಮೊದಲು ಚೊಂಬಿನ ಕಡೆ ಕೈ ಚಾಚಿ ಅತ್ತಿತು, ಆಮೇಲೆ ನನ್ನನ್ನು ದೂಡಿ ಅತ್ತಿತು. ಅದರ ನೀರಿನ ಬಾಟಲಿ ಬ್ಯಾಗಿನಲ್ಲಿತ್ತು. ತೆಗೆದುಕೊಂಡೆ. ಮುಚ್ಚಳ ಒತ್ತಬೇಕೋ ತಿರುಗಿಸಬೇಕೋ ತಿಳಿಯಲಿಲ್ಲ. ಒತ್ತಿದೆ, ತಿರುಗಿಸಿದೆ. ಮಡಿಸಿದ ಬೆರಳು ಬಿಚ್ಚಲಿಲ್ಲ. ಮಗುವಿನ ಮುಖ ಕೆಂಪಾಯಿತು. "ಬಾರೇ, ಬೇಗ ಬಾರೇ, ಮಗೂಗೆ ಬಾಯಾರಿಕೆ ಆಗಿದೆ!" ಅಂತ ಹಿತ್ತಲಿಗೆ ಕೇಳುವ ಹಾಗೆ ಮಗಳನ್ನು ಕೂಗಿದೆ.